ಕರಿ ಹಕ್ಕಿಗೆ ಮೈನಸ್ ಹಾಕಬೇಕಾ, ಪ್ಲಸ್ಸಾ?

ಪ್ರಶ್ನೆ: ಧಾರವಾಡದಿಂದ ಬರೆಯುತ್ತಿದ್ದೇನೆ ಸರ್. ಆಗಸ್ಟ್‌ನಲ್ಲಿ ಮನೆಯವರೆಲ್ಲ ಸೇರಿ ಕೆನ್ಯಾಕ್ಕೆ ಹೋಗುತ್ತಿದ್ದೇವೆ. ಮಸಾಯಿ ಮಾರಾದಲ್ಲಿ ನಾಲ್ಕು ದಿನ, ನಕುರು ಸರೋವರದ ಹತ್ತಿರ ಒಂದು ದಿನ. ಸಿಂಹ, ಚಿರತೆ ಹೇಗೋ ಆಗುತ್ತವೆ, ನನಗೆ ಹಕ್ಕಿಗಳದೇ ಹುಚ್ಚು. ಆದರೆ ಇಲ್ಲಿ ಕಾಗೆ, ಕಾಜಾಣ ತೆಗೆದರೆ ಇದ್ದಿಲಿನ ತುಂಡಿನ ಹಾಗೆ ಬರುತ್ತದೆ. ಕಪ್ಪು ಹಕ್ಕಿಗೆ ಎಕ್ಸ್‌ಪೋಷರ್ (ಫೋಟೋಕ್ಕೆ ಬಿಡುವ ಬೆಳಕು) ಮೈನಸ್ 1 ಇಡಿ ಅಂತ ಗೆಳೆಯರೊಬ್ಬರು ಹೇಳಿದರು. ಇಟ್ಟೆ, ಇನ್ನೂ ಕಪ್ಪಾಯಿತು. ಅಲ್ಲಿ ಗ್ರೌಂಡ್ ಹಾರ್ನ್‌ಬಿಲ್, ಬ್ಯಾಟಲರ್ ಹದ್ದು ಸಿಕ್ಕರೆ ಏನು ಮಾಡಲಿ? ನನ್ನದು ದೂರದ್ದನ್ನು ಹತ್ತಿರ ತೋರಿಸುವ 150-600 ಎಂಎಂ ಲೆನ್ಸ್. ಬದಲಿಸಬೇಕಾ?

ಉತ್ತರ: ಲೆನ್ಸ್ ವಿಷಯ ಮೊದಲು ಮುಗಿಸೋಣ. ಬೇಡ. 150-600 ಮಾರಾಕ್ಕೆ ಹೇಳಿ ಮಾಡಿಸಿದ ಲೆನ್ಸ್. ಆ ದುಡ್ಡಲ್ಲಿ ಇನ್ನೊಂದು ದಿನ ಜಾಸ್ತಿ ಇದ್ದು ಬನ್ನಿ.

ಇನ್ನು ಮೈನಸ್ 1. ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ, ಆದರೆ ಪೂರ್ತಿಯೂ ಹೇಳಿಲ್ಲ. ಕ್ಯಾಮೆರಾಕ್ಕೆ ಹಕ್ಕಿ ಅಂದರೇನು, ಕಪ್ಪು ಅಂದರೇನು ಅಂತ ಗೊತ್ತಿಲ್ಲ. ಅದರ ಮೀಟರಿಗೆ ಗೊತ್ತಿರುವುದು ಒಂದೇ ಲೆಕ್ಕ: ಎದುರಿಗಿರುವುದನ್ನೆಲ್ಲ ಕಲಸಿ ಸರಾಸರಿ ತೆಗೆದರೆ ನಡು ಬೂದು ಬರಬೇಕು. ಬಿದ್ದ ಬೆಳಕಿನಲ್ಲಿ 18 ಶೇಕಡಾ ವಾಪಸು ಕಳಿಸುವ ಬೂದು ಅಂತ ಹಳೆಯ ಫೋಟೋಗ್ರಫಿ ಪುಸ್ತಕಗಳಲ್ಲಿ ಓದಿರುತ್ತೀರಿ, ಅದೇ. ಕರಿ ಹಕ್ಕಿಯೇ ಚೌಕಟ್ಟು ತುಂಬಿದ್ದರೆ "ಅಯ್ಯೋ, ಇಷ್ಟು ಕತ್ತಲೆ!" ಅಂದುಕೊಂಡು ಕ್ಯಾಮೆರಾ ಬೆಳಕು ಏರಿಸುತ್ತದೆ. ಹಕ್ಕಿ ಬೂದಿ ಬಳಿದುಕೊಂಡ ಹಾಗೆ ಕಾಣುತ್ತದೆ. ಆಗ ಮೈನಸ್ ಬೇಕು, ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಎರಡು ಪಟ್ಟು), ಕೆಲವೊಮ್ಮೆ ಒಂದೂವರೆ.

ಆದರೆ ನಿಮ್ಮ ಕಾಜಾಣ ಕರೆಂಟ್ ತಂತಿ ಮೇಲೆ ಕೂತಿತ್ತು, ಹಿಂದೆ ಬೆಳ್ಳನೆ ಆಕಾಶ ಇತ್ತು. ಹೌದು ತಾನೆ? ಬೇಕಾದರೆ ಪಂದ್ಯ ಕಟ್ಟುತ್ತೇನೆ. ಅಲ್ಲಿ ಹಕ್ಕಿ ಚೌಕಟ್ಟಿನ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ, ಉಳಿದದ್ದೆಲ್ಲ ಆಕಾಶ. ಕ್ಯಾಮೆರಾ ನೋಡಿದ್ದು ಆಕಾಶವನ್ನು, ಬೆಳಕು ಇಳಿಸಿದ್ದೂ ಅದಕ್ಕಾಗಿಯೇ. ಅದರ ಮೇಲೆ ನೀವು ಇನ್ನೊಂದು ಸ್ಟಾಪ್ ಇಳಿಸಿದಿರಿ. ಇದ್ದಿಲಾಗದೆ ಇನ್ನೇನಾಗುತ್ತದೆ? ಅಲ್ಲಿ ಬೇಕಾಗಿದ್ದದ್ದು ಪ್ಲಸ್ಸು. ಒಂದೂವರೆ, ಮೋಡದ ಬಿಳಿ ಆಕಾಶವಾದರೆ ಎರಡು. ಆಕಾಶ ಪೂರ್ತಿ ಬೆಳ್ಳಗಾಗಲಿ ಬಿಡಿ, ಅದನ್ನು ನೋಡಲು ಯಾರೂ ಬರುವುದಿಲ್ಲ.

ಆದ್ದರಿಂದ ಹಕ್ಕಿ ಎಷ್ಟು ಕಪ್ಪು ಅಂತ ಕೇಳಿಕೊಳ್ಳಬೇಡಿ. ಚೌಕಟ್ಟಿನಲ್ಲಿ ಜಾಸ್ತಿ ಜಾಗ ಹಿಡಿದಿರುವುದು ಏನು, ಅದು ಬೆಳ್ಳಗಿದೆಯಾ ಕಪ್ಪಗಿದೆಯಾ ಅಂತ ಕೇಳಿಕೊಳ್ಳಿ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡೇ. ಮೊದಲ ಸಲ ಮಾರಾಕ್ಕೆ ಹೋದಾಗ ಬೆಳಗ್ಗೆ ಏಳರ ಹೊತ್ತಿಗೆ ಐದು ಗ್ರೌಂಡ್ ಹಾರ್ನ್‌ಬಿಲ್‌ಗಳು ಸಾಲಾಗಿ ಹುಲ್ಲಿನಲ್ಲಿ ನಡೆದು ಬರುತ್ತಿದ್ದವು. ನಮ್ಮ ದಾಂಡೇಲಿಯ ಮಂಗಟ್ಟೆಗಳದು ಮರದ ಮೇಲಿನ ಬಾಳು ಅಲ್ವಾ, ಇವು ಅವಕ್ಕೆ ದೂರದ ನೆಂಟರು, ಆದರೆ ನೆಲದ ಮೇಲೇ ದಿನವಿಡೀ ಸುತ್ತುತ್ತವೆ. ಸುಮಾರು ಒಂದು ಮೀಟರ್ ಉದ್ದದ ಹಕ್ಕಿ. ಮೈಯೆಲ್ಲ ಕಪ್ಪು, ಮುಖ ಮತ್ತು ಗಂಟಲು ಕೆಂಪು ಬಲೂನಿನ ಹಾಗೆ. ಹೆಣ್ಣಾದರೆ ಆ ಕೆಂಪಿನ ನಡುವೆ ನೇರಳೆ ನೀಲಿಯ ಒಂದು ಮಚ್ಚೆ. ತಿಳಿ ಹಳದಿ ಕಣ್ಣು, ಅದರ ಮೇಲೆ ಸಿನಿಮಾ ನಟಿಯರಿಗಿರುವಂಥ ಉದ್ದನೆ ರೆಪ್ಪೆ (ಅದು ಕೂದಲಲ್ಲ, ಮಾರ್ಪಟ್ಟ ಗರಿ). ನಾನು "ಕಪ್ಪು ಹಕ್ಕಿ, ಮೈನಸ್ 1" ಅಂತ ಮಂತ್ರ ಹೇಳಿಕೊಂಡು ಒತ್ತಿದೆ. ಸುತ್ತ ಒಣಹುಲ್ಲು, ಬೆಳಗಿನ ಬಿಸಿಲಿಗೆ ಚಿನ್ನದ ಹಾಗೆ ಹೊಳೆಯುತ್ತಿತ್ತು, ಹಕ್ಕಿಗಳು ಇನ್ನೂ ದೂರ. ಮೀಟರ್ ಹುಲ್ಲನ್ನು ನೋಡಿ ಆಗಲೇ ಬೆಳಕು ಇಳಿಸಿತ್ತು, ನಾನೂ ಇಳಿಸಿದೆ. ಕೆಂಪು ಗಂಟಲು ಸುಂದರವಾಗಿ ಬಂತು, ಅದರ ಕೆಳಗೆ ಒಂದು ಕರಿ ತೂತು.

ಪರದೆಯಲ್ಲಿ ನೋಡಿ ಗಾಬರಿಯಾಗಿ ಸೊನ್ನೆಗೆ ತಂದೆ. ಅಷ್ಟರಲ್ಲಿ ಹಕ್ಕಿಗಳು ಗಾಡಿಯ ಪಕ್ಕಕ್ಕೇ ಬಂದು ಚೌಕಟ್ಟು ತುಂಬಿದವು. ಈ ಸಲ ಬೂದು. ಅಂದರೆ ಎರಡು ಸಲವೂ ಸರಿಯಾಗಿ ತಲೆಕೆಳಗೆ ಮಾಡಿದ್ದೆ. ಆಮೇಲೆ ಆಕಾಶದಲ್ಲಿ ಬ್ಯಾಟಲರ್ ಒಂದು ಹಾರಿತು ಅಂತ ಪ್ಲಸ್ 1.7 ಇಟ್ಟೆ, ಅದರ ಕರಿ ಮೈ ಚೆನ್ನಾಗಿಯೇ ಬಂತು, ಆದರೆ ವಾಪಸು ಸೊನ್ನೆಗೆ ತರುವುದು ಮರೆತೇಹೋಯಿತು. ಅರ್ಧ ಗಂಟೆ ಬಿಟ್ಟು ಚಿರತೆ ಸಿಕ್ಕಿತು. ನನ್ನ ಹತ್ತಿರ ಈಗಲೂ ಆ ಚಿರತೆಯ ಅರವತ್ತು ಫೋಟೋ ಇವೆ, ಎಲ್ಲವೂ ಸುಣ್ಣ ಹೊಡೆಸಿಕೊಂಡಂಥವು.

ಅದಕ್ಕೇ ನಾನು ಈಗ ಈ ಪ್ಲಸ್ ಮೈನಸ್ ಮಾಡುವ ಕಾಂಪನ್ಸೇಷನ್ ಗಾಲಿಯನ್ನೇ ಮುಟ್ಟುವುದಿಲ್ಲ, ಮ್ಯಾನುಯಲ್‌ನಲ್ಲಿ, ಅಂದರೆ ಎಲ್ಲ ಅಳತೆಯೂ ನಾನೇ ಇಟ್ಟು, ತೆಗೆಯುತ್ತೇನೆ. ಹೆದರಬೇಡಿ, ಅಭ್ಯಾಸವಾದರೆ ಇದೇ ಸುಲಭ. ಸೂರ್ಯನಿಂದ ಬರುವ ಬೆಳಕು ಹಕ್ಕಿ ಕಪ್ಪಾದರೂ ಬಿಳಿಯಾದರೂ ಒಂದೇ. ಮೀಟರಿಗೆ ಇದು ತಿಳಿಯುವುದಿಲ್ಲ, ನಮಗೆ ತಿಳಿಯುತ್ತದೆ. ಫಿಲಂ ಕಾಲದವರ ಒಂದು ಲೆಕ್ಕ ಇದೆ, ಸನ್ನಿ 16 ಅಂತ. ನಿಚ್ಚಳ ಬಿಸಿಲಿನಲ್ಲಿ, ಸೂರ್ಯ ನಿಮ್ಮ ಬೆನ್ನಿಗಿದ್ದಾಗ, ಎಫ್ 16 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಇಟ್ಟರೆ ಷಟರ್ ವೇಗ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಸಂಖ್ಯೆಯಷ್ಟೇ ಸಾಕು. ಐಎಸ್‌ಒ 400 ಆದರೆ 1/400 ಸೆಕೆಂಡ್. ನಿಮ್ಮ ಲೆನ್ಸ್ 600ರಲ್ಲಿ ಎಫ್ 6.3 ತೆರೆದುಕೊಳ್ಳುತ್ತದೆ ಅಂದುಕೊಂಡರೆ ಅದೇ ಬೆಳಕಿಗೆ 1/2500. ಕರಿ ಹಕ್ಕಿಯ ಗರಿಯೊಳಗೆ ವಿವರ ಬೇಕು ಅಂದರೆ ಇದರ ಮೇಲೆ ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಡಿ, 1/1250. ಹಿಂದೆ ಆಕಾಶ ಇರಲಿ, ಹುಲ್ಲಿರಲಿ, ಕರಿ ಬಂಡೆ ಇರಲಿ, ಬಿಸಿಲು ಬದಲಾಗುವ ತನಕ ಈ ಲೆಕ್ಕ ಬದಲಾಗುವುದಿಲ್ಲ. ಹಕ್ಕಿ ಪೊದೆಯಿಂದ ಹಾರಿ ಆಕಾಶಕ್ಕೆ ಹೋದರೂ ನೀವು ಏನೂ ತಿರುಗಿಸಬೇಕಾಗಿಲ್ಲ, ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಬೆಳಗ್ಗೆ ಆರೂವರೆಯ ಬೆಳಕಿಗೆ, ಮೋಡಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಆಗ ಹೀಗೆ ಮಾಡಿ: ಹಕ್ಕಿಯ ಮೇಲೆ ಬೀಳುವ ಬೆಳಕೇ ಬೀಳುತ್ತಿರುವ ಹಸಿರು ಹುಲ್ಲಿಗೆ ಕ್ಯಾಮೆರಾ ತಿರುಗಿಸಿ ಮೀಟರ್ ಸೊನ್ನೆಗೆ ಬರುವ ಹಾಗೆ ಹೊಂದಿಸಿಕೊಳ್ಳಿ, ಹಸಿರು ಹುಲ್ಲು ಹೆಚ್ಚುಕಡಿಮೆ ನಡು ಬೂದಿನಷ್ಟೇ. ಮೇಲೆ ಮುಕ್ಕಾಲು ಸ್ಟಾಪ್ ಕೊಟ್ಟು ಅಲ್ಲೇ ಬಿಟ್ಟುಬಿಡಿ. ಆಗಸ್ಟ್‌ನ ಒಣಹುಲ್ಲಾದರೆ ಅದು ಹಸಿರಿಗಿಂತ ಬೆಳ್ಳಗಿರುತ್ತದೆ, ಇನ್ನೂ ಒಂದಿಷ್ಟು ಜಾಸ್ತಿ ಕೊಡಿ. ಒಂದು ಫೋಟೋ ತೆಗೆದು ಹಿಸ್ಟೋಗ್ರಾಂ ನೋಡಿ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟೆಷ್ಟಿದೆ ಅಂತ ಪರದೆಯಲ್ಲಿ ತೋರಿಸುವ ನಕ್ಷೆ). ಹಕ್ಕಿಯ ದಿಬ್ಬ ಎಡಗಡೆಗೇ ಇರಬೇಕು, ಆದರೆ ಎಡ ಗೋಡೆಗೆ ಒರಗಿ ಕೂತಿರಬಾರದು. ಗ್ರೌಂಡ್ ಹಾರ್ನ್‌ಬಿಲ್ ತೆಗೆಯುವಾಗ ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ಹಾಕಿಕೊಳ್ಳಿ. ಒಟ್ಟು ಗೆರೆ ಸರಿ ಕಂಡರೂ ಕೆಂಪು ಒಂದೇ ಬಲಗೋಡೆ ದಾಟಿರುತ್ತದೆ, ಆಗ ಗಂಟಲಿನ ಸುಕ್ಕುಗಳೆಲ್ಲ ಹೋಗಿ ಕೆಂಪು ಪ್ಲಾಸ್ಟಿಕ್ ಅಂಟಿಸಿದ ಹಾಗಾಗುತ್ತದೆ. ಇನ್ನೊಂದು ಮೋಸ, ಈ ಹಕ್ಕಿ ಕೂತಾಗ ಪೂರ್ತಿ ಕಪ್ಪು, ರೆಕ್ಕೆ ಬಿಚ್ಚಿದರೆ ತುದಿಯ ದೊಡ್ಡ ಗರಿಗಳು ಹಾಲಿನಷ್ಟು ಬಿಳಿ. ಹಾರುವ ಸೂಚನೆ ಕಂಡರೆ ತಕ್ಷಣ ಒಂದು ಸ್ಟಾಪ್ ಇಳಿಸಿ.

ಕತ್ತಲೆಯಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದರಾಯಿತು ಅಂತ ಅನಿಸಬಹುದು. ಬೇರೆ ಹಕ್ಕಿಗೆ ಸರಿ, ಕರಿ ಹಕ್ಕಿಗೆ ಇದೇ ದುಬಾರಿ. ಗದ್ದಲ, ಅಂದರೆ ನಾಯ್ಸ್, ಮೊದಲು ಮನೆ ಮಾಡುವುದೇ ನೆರಳಿನ ಭಾಗದಲ್ಲಿ, ನಿಮ್ಮ ಹಕ್ಕಿಯೋ ಪೂರ್ತಿ ನೆರಳಿನ ಭಾಗ. ಐಎಸ್‌ಒಗೆ ಹೆದರಿ 800ರಲ್ಲೇ ಎರಡು ಸ್ಟಾಪ್ ಕತ್ತಲೆ ತೆಗೆಯುವುದಕ್ಕಿಂತ 3200ರಲ್ಲಿ ಸರಿಯಾಗಿ ತೆಗೆಯಿರಿ. ಅದಕ್ಕಿಂತಲೂ ಒಳ್ಳೆಯದು ಷಟರ್ ನಿಧಾನ ಮಾಡುವುದು. ಕೊಂಬೆ ಮೇಲೆ ಸುಮ್ನೆ ಕೂತ ಹದ್ದಿಗೆ 1/2000 ಯಾಕೆ? 1/500 ಸಾಕು, ನಾಲ್ಕು ಪಟ್ಟು ಬೆಳಕು ಸಿಕ್ಕಿತು. ಮತ್ತೆ ಜೆಪೆಗ್ ಬೇಡ, ಕ್ಯಾಮೆರಾ ಕಂಡದ್ದನ್ನೆಲ್ಲ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ.

ಇಲ್ಲಿಯವರೆಗೆ ಹೇಳಿದ್ದು ಲೆಕ್ಕ. ನನಗೆ ಕೇಳಿದರೆ ಕರಿ ಹಕ್ಕಿಯ ಫೋಟೋದಲ್ಲಿ ಇದು ಅರ್ಧ ಮಾತ್ರ. ಉಳಿದರ್ಧ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅನ್ನುವುದು, ಅದನ್ನು ಯಾವ ಗಾಲಿ ತಿರುಗಿಸಿಯೂ ಸರಿ ಮಾಡುವುದಕ್ಕಾಗುವುದಿಲ್ಲ.

ನಿಮ್ಮ ಲಾಡ್ಜಿನಲ್ಲೇ ಇದರ ಪಾಠ ಸಿಗುತ್ತದೆ. ಬೆಳಗಿನ ತಿಂಡಿಯ ಹೊತ್ತಿಗೆ ಮೇಜಿನ ಸುತ್ತ ಸ್ಟಾರ್ಲಿಂಗ್‌ಗಳು ಬರುತ್ತವೆ, ನಮ್ಮ ಗೊರವಂಕಗಳ ಬಳಗ. ಅದರಲ್ಲಿ ರುಪೆಲ್ ಸ್ಟಾರ್ಲಿಂಗ್ ಅಂತ ಉದ್ದ ಬಾಲದ್ದೊಂದಿದೆ, ಬಿಳಿ ಕಣ್ಣು. ನೆರಳಿನಲ್ಲಿ ಕೂತಾಗ ಕಾಗೆಯಷ್ಟೇ ಕಪ್ಪು. ಎರಡು ಹೆಜ್ಜೆ ಕುಪ್ಪಳಿಸಿ ಬಿಸಿಲಿಗೆ ಬಂದಿತೋ, ಮೈಸೂರು ರೇಷ್ಮೆ ಸೀರೆ ಮಡಿಕೆ ಬಿಚ್ಚಿದ ಹಾಗೆ ನೀಲಿ, ನೇರಳೆ. ಆ ಗರಿಯಲ್ಲಿ ನೀಲಿ ಬಣ್ಣ ಅನ್ನುವುದೇ ಇಲ್ಲ. ಇರುವುದು ಮೆಲನಿನ್, ಕಪ್ಪು ಬಣ್ಣ ಕೊಡುವ ಅದೇ ವಸ್ತು. ಅದರ ಸೂಕ್ಷ್ಮ ಕಣಗಳು ಪದರ ಪದರವಾಗಿ ಜೋಡಿಸಿಕೊಂಡಿರುವುದರಿಂದ ಕೆಲವು ಕೋನದಲ್ಲಿ ನೀಲಿ ಬೆಳಕು ಮಾತ್ರ ವಾಪಸು ಬರುತ್ತದೆ. ಕೋನ ತಪ್ಪಿದರೆ ಬಣ್ಣವೂ ಇಲ್ಲ. ಹಾಗಾಗಿ ಟೀ ಲೋಟ ಕೆಳಗಿಟ್ಟು, ಸೂರ್ಯ ಬೆನ್ನಿಗೆ ಬರುವ ಹಾಗೆ ಎದ್ದು ಆ ಕಡೆ ಹೋಗಿ ಕೂತುಕೊಳ್ಳಿ. ಇದೇ ಮಾತು ಹಡಾಡ ಐಬಿಸ್‌ಗೂ. ದೂರದಿಂದ ಮಾಸಲು ಕಂದು, ಕರ್ಕಶ ಕೂಗಿನ ಹಕ್ಕಿ, ಯಾರೂ ಗಾಡಿ ನಿಲ್ಲಿಸುವುದಿಲ್ಲ. ಇಳಿಬಿಸಿಲು ನೇರ ಬಿದ್ದಾಗ ರೆಕ್ಕೆಯ ಭುಜದ ಹತ್ತಿರ ಹಸಿರು ಮತ್ತು ನೇರಳೆ ಮಿಂಚುತ್ತದೆ.

ಹೊಳಪಿಲ್ಲದ, ಮಸಿಯಂಥ ಕಪ್ಪಿಗೆ ಬೇರೆ ಬೆಳಕು ಬೇಕು. ಬ್ಯಾಟಲರ್, ಗ್ರೌಂಡ್ ಹಾರ್ನ್‌ಬಿಲ್, ಉದ್ದ ಜುಟ್ಟಿನ ಹದ್ದು, ಇವಕ್ಕೆ ಬಿಸಿಲು ಪಕ್ಕದಿಂದ ಸ್ವಲ್ಪ ಓರೆಯಾಗಿ ಬೀಳಬೇಕು. ಆಗ ಒಂದೊಂದು ಗರಿಯ ಅಂಚೂ ಹಂಚಿನ ಮಾಡಿನ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ. ಇಲ್ಲವಾದರೆ ತೆಳು ಮೋಡ. ಆಗಸ್ಟ್‌ನಲ್ಲಿ ಮಾರಾದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ, ನೀವು ಖುಷಿಪಡಿ. ಒಂದೇ ತೊಂದರೆ, ಮೋಡ ಮತ್ತು ನೆರಳಿನಲ್ಲಿ ಕರಿ ಗರಿ ನೀಲಿ ಛಾಯೆ ಹಿಡಿಯುತ್ತದೆ, ವೈಟ್ ಬ್ಯಾಲೆನ್ಸ್ ಆಮೇಲೆ ಸ್ವಲ್ಪ ಹಳದಿ ಕಡೆ ತಿರುಗಿಸಿಕೊಳ್ಳಿ. ಮಾರಾ ಭೂಮಧ್ಯರೇಖೆಗೆ ಬಹಳ ಹತ್ತಿರ, ಅಲ್ಲಿ ಸೂರ್ಯ ಓರೆಯಾಗಿ ಏರುವುದಿಲ್ಲ, ನೆಟ್ಟಗೆ ಏರುತ್ತಾನೆ. ಹೊಂಬಿಸಿಲು ಒಂದು ಗಂಟೆ ಸಿಕ್ಕರೆ ಪುಣ್ಯ. ಒಂಬತ್ತರ ಮೇಲೆ ಬಿಸಿಲು ಬಲಿಯುತ್ತದೆ, ನೆಲದ ಕಾವಿಗೆ ಗಾಳಿ ಅಲುಗಾಡಲು ಶುರುವಾಗುತ್ತದೆ. ದೂರದ ಹಕ್ಕಿ ಯಾವ ಲೆನ್ಸಿನಲ್ಲೂ ನೀರಿನಲ್ಲಿ ನೋಡಿದ ಹಾಗೆಯೇ ಕಾಣುವುದು, ಲೆನ್ಸನ್ನು ಬಯ್ಯಬೇಡಿ.

ಫೋಕಸ್ ಬಗ್ಗೆ ಒಂದು ಮಾತು. ಕ್ಯಾಮೆರಾ ಫೋಕಸ್ ಹಿಡಿಯಬೇಕಾದರೆ ಎಲ್ಲಾದರೂ ಕಪ್ಪು ಬಿಳುಪಿನ ಅಂಚು ಸಿಗಬೇಕು. ಕರಿ ಎದೆಯ ಮೇಲೆ ಬಿಂದು ಇಟ್ಟರೆ ಅದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ, ಹಿಂದಿನ ಹುಲ್ಲಿಗೆ ಹೋಗಿ ಕೂರುತ್ತದೆ. ಕಣ್ಣು ಹುಡುಕುವ ಕ್ಯಾಮೆರಾಗಳೂ ಕರಿ ಮುಖದ ಕರಿ ಕಣ್ಣಿಗೆ ಸೋಲುತ್ತವೆ. ಒಂದೇ ಬಿಂದು ಆರಿಸಿಕೊಂಡು ಕೊಕ್ಕು ಮುಖಕ್ಕೆ ಸೇರುವ ಜಾಗಕ್ಕೆ ಇಡಿ, ಅದು ಕಣ್ಣಿನಷ್ಟೇ ದೂರದಲ್ಲಿರುತ್ತದೆ. ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮೂಡುವ ಕ್ಷಣಕ್ಕೆ ಕಾಯಿರಿ. ಅಲ್ಲಿನ ಕಾಜಾಣಕ್ಕೂ ನಮ್ಮದರ ಹಾಗೆ ಕೆಂಪು ಛಾಯೆಯ ಕಣ್ಣು, ಆದರೆ ತಲೆ ಸೂರ್ಯನ ಕಡೆ ತಿರುಗಿದಾಗಲೇ ಅದು ಗೊತ್ತಾಗುವುದು. ಅಂದಹಾಗೆ ಈ ಆಫ್ರಿಕಾದ ಕಾಜಾಣ ದೊಡ್ಡ ಕಳ್ಳ. ಕಲಹಾರಿ ಮರುಭೂಮಿಯಲ್ಲಿ ಮುಂಗುಸಿ ಬಳಗದ ಮೀರ್‌ಕ್ಯಾಟ್‌ಗಳ ಎಚ್ಚರಿಕೆ ಕೂಗನ್ನು ಅಣಕಿಸಿ, ಅವು ಹೆದರಿ ಓಡಿದಾಗ ಬಿಟ್ಟ ಹುಳ ಎತ್ತಿಕೊಂಡು ಹೋಗುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ತಂತಿ ಮೇಲಿನ ಹಕ್ಕಿ ಅಂತ ಉದಾಸೀನ ಮಾಡಬೇಡಿ.

ಬ್ಯಾಟಲರ್ ಕೇಳಿದ್ದಿರಿ. ಕೂತಾಗ ಬಾಲವೇ ಇಲ್ಲದ ದಪ್ಪ ಹದ್ದು, ಮುಖ ಮತ್ತು ಕಾಲು ಕೆಂಪು. ಹಾರುವಾಗ ಮೈ ಕಪ್ಪು, ರೆಕ್ಕೆಯ ಕೆಳಗೆ ಬಿಳಿ. ಹಿಂಬದಿ ಅಂಚಿನ ಕಪ್ಪು ಪಟ್ಟಿ ಅಗಲವಾಗಿದ್ದರೆ ಗಂಡು, ತೆಳ್ಳಗಿದ್ದರೆ ಹೆಣ್ಣು. ಈಗ ಇದು ಅಳಿವಿನಂಚಿನ ಪಟ್ಟಿಯಲ್ಲಿರುವ ಹಕ್ಕಿ, ಸಿಕ್ಕರೆ ಅವಸರ ಮಾಡದೆ ಕೂತು ನೋಡಿ. ಆಕಾಶದಲ್ಲಿದ್ದಾಗ ಪ್ಲಸ್ 1ರಿಂದ 1.3 ಸಾಕು, ಅದಕ್ಕಿಂತ ಮೇಲೆ ಹೋದರೆ ರೆಕ್ಕೆಯ ಬಿಳಿ ಹಾರಿಹೋಗುತ್ತದೆ. ಗಂಡು ಉಷ್ಟ್ರಪಕ್ಷಿಯದೂ ಇದೇ ಗೋಳು, ಕರಿ ಮೈಗೆ ಬಿಳಿ ರೆಕ್ಕೆ, ಬಿಳಿ ಬಾಲ. ಅಲ್ಲಿ ಬಿಳಿಯನ್ನು ಉಳಿಸಿಕೊಳ್ಳಿ, ಕಪ್ಪನ್ನು ಆಮೇಲೆ ಎತ್ತಿ. ನಡು ಮಧ್ಯಾಹ್ನವಾದರೆ ತೆಗೆಯಲೇಬೇಡಿ.

ನಕುರುವಿನಲ್ಲಿ ಉದ್ದ ಜುಟ್ಟಿನ ಹದ್ದು ಸಿಗುವ ಸಾಧ್ಯತೆ ಚೆನ್ನಾಗಿದೆ. ಬೇಲಿ ಕಂಬದ ಮೇಲೆ, ಒಣ ಮರದ ಮೇಲೆ ಗಂಟೆಗಟ್ಟಲೆ ಇಲಿಗೆ ಕಾಯುತ್ತಾ ಕೂರುತ್ತದೆ. ಜುಟ್ಟು ಗಾಳಿಗೆ ನೆಟ್ಟಗೆ ನಿಂತಾಗ ಒತ್ತಿ. ಕಣ್ಣು ಹಳದಿ, ಹಾಗಾಗಿ ಫೋಕಸ್ ಸುಲಭ. ಅಲ್ಲಿ ಸರೋವರದ ನೀರು ಏರಿ ದಡದ ಮರಗಳೆಲ್ಲ ಒಣಗಿ ನಿಂತಿವೆ, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಾ ಕೂರುತ್ತವೆ. ಇವನ್ನು ಮಾತ್ರ ಬೇಕಂತಲೇ ಕಪ್ಪಾಗಿ ತೆಗೆಯಿರಿ. ಸೂರ್ಯ ಎದುರಿಗಿರಲಿ, ಮೈನಸ್ ಎರಡು ಇಡಿ, ಬರೀ ಆಕಾರ ಉಳಿಯಲಿ. ಎಲ್ಲ ಕಪ್ಪಿನಲ್ಲೂ ಗರಿ ಎಣಿಸಬೇಕು ಅಂತ ಎಲ್ಲಿದೆ?

ಗಾಡಿಯ ಬಗ್ಗೆ. ಸಫಾರಿ ಗಾಡಿಯ ಮಾಡು ತೆರೆದಿರುತ್ತದೆ, ಎಲ್ಲರೂ ಎದ್ದು ನಿಂತು ಮೇಲಿಂದ ತೆಗೆಯುತ್ತಾರೆ. ನೆಲದ ಮೇಲಿನ ಕರಿ ಹಕ್ಕಿಯನ್ನು ಮೇಲಿಂದ ತೆಗೆದರೆ ಬೆನ್ನು ಮಾತ್ರ ಸಿಗುತ್ತದೆ, ಹಿನ್ನೆಲೆಯೂ ಒತ್ತಿನ ಹುಲ್ಲೇ. ಕೂತು ಕಿಟಕಿಯಿಂದ ತೆಗೆಯಿರಿ. ಕಿಟಕಿಯ ಅಂಚಿಗೆ ಬೀನ್ ಬ್ಯಾಗ್ ಇಟ್ಟು ಲೆನ್ಸ್ ಅದರ ಮೇಲೆ ಒರಗಿಸಿ. ಖಾಲಿ ಚೀಲ ಇಲ್ಲಿಂದ ತೆಗೆದುಕೊಂಡು ಹೋಗಿ, ನೈರೋಬಿಯಲ್ಲಿ ಎರಡು ಕೆಜಿ ಅಕ್ಕಿ ಕೊಂಡು ತುಂಬಿಸಿ, ಬರುವಾಗ ಅಕ್ಕಿ ಡ್ರೈವರ್‌ಗೇ ಕೊಟ್ಟು ಬನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗಬೇಡಿ, ಕೆನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ. ಮಾರಾಕ್ಕೆ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಸಾಮಾನ್ಯವಾಗಿ ಕೈಚೀಲವೂ ಸೇರಿ ತಲೆಗೆ 15 ಕೆಜಿ, ಮೆತ್ತನೆ ಬ್ಯಾಗೇ ಆಗಬೇಕು. ನಿಮ್ಮ ಲೆನ್ಸೇ ಎರಡು ಕೆಜಿ ತಿನ್ನುತ್ತದೆ, ಮನೆಯವರ ಲೆಕ್ಕದಲ್ಲಿ ಸ್ವಲ್ಪ ಜಾಗ ಕೇಳಿಟ್ಟುಕೊಳ್ಳಿ.

ಡ್ರೈವರ್‌ಗೆ ಮೊದಲ ದಿನವೇ ಹೇಳಿ, ನಮಗೆ ಹಕ್ಕಿ ಬೇಕು ಅಂತ. ಇಲ್ಲದಿದ್ದರೆ ಅವರು ಸಿಂಹದ ಹಿಂದೆ ಓಡಿಸುತ್ತಾರೆ, ಪಾಪ, ಬಂದವರೆಲ್ಲ ಕೇಳುವುದೇ ಅದನ್ನು. ಸ್ವಾಹಿಲಿಯಲ್ಲಿ ಹಕ್ಕಿಗೆ 'ಎನ್‌ಡೆಗೆ' ಅನ್ನುತ್ತಾರೆ, ವಿಮಾನಕ್ಕೂ ಅದೇ ಪದ. ಗಾಡಿ ನಿಂತ ಮೇಲೆ 'ಜಿಮಾ ಇಂಜಿನಿ, ತಫಧಾಲಿ' ಅಂದರೆ ಇಂಜಿನ್ ಆರಿಸಿ, ದಯವಿಟ್ಟು. ಇಂಜಿನ್ ನಡುಗುತ್ತಿದ್ದರೆ 600ರಲ್ಲಿ ಯಾವ ಫೋಟೋವೂ ಚೂಪಾಗಿ ಬರುವುದಿಲ್ಲ. ಇನ್ನೊಂದು, ಸೂರ್ಯನನ್ನು ತೋರಿಸಿ ಆಮೇಲೆ ನಿಮ್ಮ ಬೆನ್ನು ತೋರಿಸಿ, ಅವರಿಗೆ ಅರ್ಥವಾಗುತ್ತದೆ, ಗಾಡಿಯನ್ನು ಆ ಕಡೆಗೆ ತಿರುಗಿಸಿ ನಿಲ್ಲಿಸುತ್ತಾರೆ.

ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಆಸೆ ಬುರುಕತನ ಬೇಡ. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಹಕ್ಕಿಯನ್ನು ಮಾತ್ರ ಆರಿಸಿ ಷ್ಯಾಡೋ 25-30 ಎತ್ತಿ, ಟೆಕ್ಸ್ಚರ್ ಸ್ವಲ್ಪ ಕೊಡಿ, ಆಮೇಲೆ ಬ್ಲ್ಯಾಕ್ಸ್ ಒಂದು ಚೂರು ಕೆಳಗೆ ಎಳೆಯಿರಿ. ಎಲ್ಲ ಗರಿಯೂ ಕಾಣಲಿ ಅಂತ ನೂರಕ್ಕೆ ಎಳೆದರೆ ಮತ್ತೆ ಅದೇ ಬೂದಿ ಹಕ್ಕಿ. ನಾಯ್ಸ್ ತೆಗೆಯುವುದನ್ನು ಎಲ್ಲಕ್ಕಿಂತ ಮೊದಲು ಮಾಡಿ, ಮಿತಿಯಲ್ಲಿ ಮಾಡಿ. ಜಾಸ್ತಿಯಾದರೆ ಗರಿಯೆಲ್ಲ ಎಣ್ಣೆ ಹಚ್ಚಿ ಬಾಚಿದ ಹಾಗಾಗುತ್ತದೆ.

ಹಳದಿ ಜ್ವರದ ಚುಚ್ಚುಮದ್ದು ಹೊರಡುವ ಹತ್ತು ದಿನ ಮುಂಚೆಯೇ ಆಗಿರಬೇಕು, ಅದರ ಪತ್ರ ಇಲ್ಲದಿದ್ದರೆ ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತೊಂದರೆ. ಅದು ಆದ ಮೇಲೆ ಉಳಿದ ದಿನಗಳಲ್ಲಿ ಒಂದು ಕೆಲಸ ಮಾಡಿ. ಬೆಳಗ್ಗೆ ಏಳಕ್ಕೆ ತಾರಸಿಯ ಕಟ್ಟೆಯ ಮೇಲೆ ಒಂದು ಹಿಡಿ ಅನ್ನ ಇಡಿ. ಕಾಗೆ ಬರುತ್ತದೆ. ಒಮ್ಮೆ ಹಿಂದೆ ಆಕಾಶ ಬರುವ ಹಾಗೆ ಬಗ್ಗಿ, ಒಮ್ಮೆ ಪಕ್ಕದ ಮನೆಯ ಬಣ್ಣ ಮಾಸಿದ ಗೋಡೆ ಬರುವ ಹಾಗೆ ಎದ್ದು ನಿಂತು ತೆಗೆಯಿರಿ. ಎರಡರಲ್ಲೂ ಮೈನಸ್ 1, ಸೊನ್ನೆ, ಪ್ಲಸ್ 1, ಪ್ಲಸ್ 2. ಒಟ್ಟು ಎಂಟು ಫೋಟೋ. ಮರುದಿನ ಸಂಜೆ, ಬಿಸಿಲು ಆ ಕಡೆಯಿಂದ ಬಂದಾಗ, ಅದೇ ಎಂಟು. ನಾಲ್ಕನೇ ದಿನದ ಹೊತ್ತಿಗೆ ಕಾಗೆ ನಿಮ್ಮನ್ನು ನೋಡಿ ಹಾರುವುದನ್ನು ಬಿಟ್ಟಿರುತ್ತದೆ. ಅದರ ಕತ್ತಿನ ಬೂದು ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಗುತ್ತದೆ ಅಂತ ಫೋಟೋದಲ್ಲಿ ಬೆರಳಿಟ್ಟು ತೋರಿಸಲು ಬಂದರೆ ನನಗೊಂದು ಕಳಿಸಿ, ನೋಡುತ್ತೇನೆ.